ಮಾರ್ಷಲ್ ನಿಲ್ಲುವ ತಿರುವು

ಅಣ್ಣ ಚಪ್ಪಲಿಗಳನ್ನು ಜಲ್ಲಿಯ ಮೇಲೆ ಜೋಡಿಸಿಟ್ಟಿದ್ದ. ಅವನು ಅವುಗಳಾಚೆ, ರೈಲು ಹಳಿಯಿಂದ ಎರಡು ಮಾರು ದೂರದಲ್ಲಿ, ಮೊಣಕಾಲು ತಬ್ಬಿಕೊಂಡು ಕೂತಿದ್ದ. ಉಪ್ಪಾರಹಳ್ಳಿಯ ನಮ್ಮ ಮನೆಯಿಂದ ಅಲ್ಲಿಗೆ ನಡೆದರೆ ಹತ್ತು ನಿಮಿಷ. ಹಗಲು ಹನ್ನೊಂದೂವರೆ ಗಂಟೆ.

"ಏನ್ ಮಾಡ್ತಿದೀಯ ಅಣ್ಣ ಇಲ್ಲಿ?"

"ಗಾಡಿ ನೋಡ್ತಾ ಕೂತಿದೀನಿ ಕಣ್ಲಾ."

"ಚಪ್ಪಲಿ ಯಾಕೆ ಬಿಟ್ಟಿದೀಯ?"

ನಾನು ಹೋಗಿ ಪಕ್ಕದಲ್ಲಿ ಕೂತೆ.

ನಾನು ತುಮಕೂರಿನ ಒಂದು ದಿನಪತ್ರಿಕೆಯಲ್ಲಿ ವರದಿಗಾರ. ಇಪ್ಪತ್ತು ವರ್ಷಗಳಲ್ಲಿ ರೈಲು ಹಳಿಯ ಸುದ್ದಿಗಳನ್ನು ಎಷ್ಟು ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಅದಕ್ಕೊಂದು ಅಚ್ಚು ಇದೆ. ವಯಸ್ಸು, ಊರು, ತೊಟ್ಟಿದ್ದ ಬಟ್ಟೆ, ಜೀವನದಲ್ಲಿ ಜಿಗುಪ್ಸೆಗೊಂಡು, ರೈಲ್ವೆ ಪೊಲೀಸರು ಪ್ರಕರಣ ದಾಖಲಿಸಿದ್ದಾರೆ. ಐದು ಸಾಲು. ಸ್ಥಳದಲ್ಲಿ ಚಪ್ಪಲಿ ಬಿಟ್ಟಿದ್ದರೆ ಅದನ್ನು ಬರೆಯುವುದಿಲ್ಲ, ಜಾಗ ಸಾಲದು. ಆ ಹೊತ್ತು ಅಣ್ಣನ ಪಕ್ಕ ಕೂತಾಗ ಐದು ಸಾಲೂ ನನ್ನ ತಲೆಯಲ್ಲಿ ತಾವಾಗಿ ಜೋಡಣೆಯಾದವು. ವಯಸ್ಸು ಐವತ್ತೊಂದು. ನೀಲಿ ಅಂಗಿ, ಕಂದು ಪ್ಯಾಂಟು.

ಅಣ್ಣ ಇಪ್ಪತ್ತಾರು ವರ್ಷ ತುಮಕೂರು-ಕುಣಿಗಲ್ ನಡುವೆ ಖಾಸಗಿ ಬಸ್ ಓಡಿಸಿದವನು. ಅದಕ್ಕೂ ನಾಲ್ಕು ತಿಂಗಳು ಹಿಂದೆ ಕುಣಿಗಲ್ ನಿಲ್ದಾಣದಲ್ಲಿ ಬಸ್ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಪ್ರಯಾಣಿಕರು ಇಳಿಯುತ್ತಿದ್ದಾಗ ಸೀಟಿನಲ್ಲೇ ಅವನಿಗೆ ಫಿಟ್ಸ್ ಬಂತು. ಹತ್ತು ನಿಮಿಷ ಮೊದಲು ಬಂದಿದ್ದರೆ ಬಸ್ಸು ಹೆದ್ದಾರಿಯಲ್ಲಿರುತ್ತಿತ್ತು. ಅದೇ ತಿಂಗಳು ಮನೆಯಲ್ಲಿ ಇನ್ನೊಂದು ಸಲ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇನ್ನು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ ಎಂದರು. ಅಣ್ಣ ತಾನೇ ಹೋಗಿ ಮಾಲೀಕರಿಗೆ ಬಸ್ಸಿನ ಕೀಲಿ ಕೊಟ್ಟು ಬಂದ. ಆಮೇಲೆ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ನಂತರ ಈ ಚಪ್ಪಲಿ.

ಹಳಿಯ ವಿಷಯ ಹೇಳಿದಾಗ ಡಾಕ್ಟರು, "ಇವರನ್ನ ಒಬ್ಬರೇ ಬಿಡಬೇಡಿ" ಎಂದರು. ಅತ್ತಿಗೆ ಮತ್ತು ನಾನು ಪಾಳಿ ಹಾಕಿಕೊಂಡೆವು. ಬೆಳಿಗ್ಗೆಯಿಂದ ಹನ್ನೊಂದರವರೆಗೆ ನಾನು, ಆಮೇಲೆ ಅವರು. ಅಣ್ಣ ವರಾಂಡದ ಕುರ್ಚಿಯಲ್ಲಿ ಕೂರುತ್ತಿದ್ದ. ಬಲಗಾಲು ಆಗಾಗ ನೆಲವನ್ನು ಒತ್ತುತ್ತಿತ್ತು, ಬ್ರೇಕ್ ಇರುವ ಜಾಗದಲ್ಲಿ. ಎರಡು ತಿಂಗಳು ನಾವು ಹೀಗೆ ಒಬ್ಬ ಮನುಷ್ಯನನ್ನು ಕಾದೆವು. ಕಾಯುವುದನ್ನು ಬಿಟ್ಟು ಬೇರೆ ಏನು ಮಾಡಬೇಕೆಂಬುದು ನನಗೂ ಗೊತ್ತಿರಲಿಲ್ಲ, ಅತ್ತಿಗೆಗೂ ಗೊತ್ತಿರಲಿಲ್ಲ.

ಸತ್ಯಮಂಗಲ ಕೈಗಾರಿಕಾ ಪ್ರದೇಶದಲ್ಲಿ ವಿದ್ಯುತ್ ಕಡಿತದ ಬಗ್ಗೆ ವರದಿ ಮಾಡಲು ಹೋಗಿದ್ದೆ. ಒಂದು ಲೇತ್ ಅಂಗಡಿಯಲ್ಲಿ ಕರೆಂಟಿಲ್ಲದೆ ಮಾಲೀಕರು ಸುಮ್ಮನೆ ಕೂತಿದ್ದರು. ಅವರ ಮೇಜಿನ ಮೇಲೆ ಮೊಳಕ್ಕಿಂತ ಸ್ವಲ್ಪ ಉದ್ದದ, ರಿಮೋಟಿನಲ್ಲಿ ಓಡಿಸುವ ಒಂದು ಟ್ರಕ್ ಇತ್ತು. ದಪ್ಪ ಗುಬುಟಿನ ಟೈರು, ನಾಲ್ಕು ಮೂಲೆಗೂ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್, ಹೊಟ್ಟೆಯಲ್ಲಿ ಮೋಟರು, ಬ್ಯಾಟರಿ. ಮಕ್ಕಳ ಆಟಿಕೆಯಲ್ಲ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಅದರ ಮುರಿದ ಆಕ್ಸಲ್ಲನ್ನು ಅವರು ತಮ್ಮ ಲೇತಿನಲ್ಲೇ ಕಡೆದು ಹಾಕಿಕೊಂಡಿದ್ದರು.

"ಗುಬ್ಬಿ ಹತ್ರ ಮಣ್ಣಿನ ಟ್ರ್ಯಾಕ್ ಮಾಡ್ಕೊಂಡಿದೀವಿ ಸಾರ್. ಭಾನುವಾರ ರೇಸು. ಬಂದು ಒಂದು ಫೋಟೋ ಹಾಕ್ಸಿ ಪೇಪರ್‌ನಲ್ಲಿ."

ಫೋಟೋಗೆಂದು ಹೋಗಲಿಲ್ಲ. ಅಣ್ಣನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಆ ಭಾನುವಾರ ಅತ್ತಿಗೆಗೆ ತವರಿನಲ್ಲಿ ಕೆಲಸವಿತ್ತು, ಅವನನ್ನು ಒಬ್ಬನೇ ಬಿಡುವ ಹಾಗಿರಲಿಲ್ಲ. ನಿಜವಾದ ಕಾರಣ ಅಷ್ಟೇ.

ಟ್ರ್ಯಾಕ್ ಎಂದರೆ ತೆಂಗಿನ ನಾರಿನ ಒಂದು ಕಾರ್ಖಾನೆಯ ಹಿಂದಿನ ಖಾಲಿ ಜಾಗ. ಮಣ್ಣನ್ನು ನೀರು ಹಾಕಿ ತುಳಿದು, ಉಬ್ಬು, ತಗ್ಗು, ತಿರುವು ಮಾಡಿ, ಅಂಚಿಗೆ ಹಳೆಯ ನೀರಿನ ಪೈಪು ಹೊಡೆದಿದ್ದರು. ಓಡಿಸುವವರು ಸಾಲಾಗಿ ಒಂದು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ನಿಲ್ಲುತ್ತಿದ್ದರು, ಇಡೀ ಟ್ರ್ಯಾಕ್ ಕಾಣಲೆಂದು. ಗುಬ್ಬಿಯ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು ಸೀಟಿ ಊದಿ ಎಲ್ಲವನ್ನೂ ನಡೆಸುತ್ತಿದ್ದರು. ಒಂದು ಹೀಟಿಗೆ, ಅಂದರೆ ಒಂದು ಸರದಿಗೆ, ಆರು ಟ್ರಕ್, ಐದು ನಿಮಿಷ. ಹೆಚ್ಚು ಸುತ್ತು ಹಾಕಿದವರು ಗೆದ್ದಂತೆ.

ಮಧ್ಯಾಹ್ನ ರೇಸೆಲ್ಲ ಮುಗಿದ ಮೇಲೆ ಲೇತಿನವರು ತಮ್ಮ ರಿಮೋಟನ್ನು ಅಣ್ಣನ ಕೈಗೆ ಕೊಟ್ಟರು. ಪಿಸ್ತೂಲಿನ ಹಾಗೆ ಹಿಡಿಯುವ ರಿಮೋಟು ಅದು. ತೋರುಬೆರಳಿಗೆ ಟ್ರಿಗರ್, ಅದೇ ಆಕ್ಸಲರೇಟರು. ಪಕ್ಕದಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದೊಂದು ಚಕ್ರ, ಸ್ಪಂಜು ಸುತ್ತಿದ್ದು. ಅಣ್ಣ ಆ ಚಕ್ರವನ್ನು ಬಹಳ ಹೊತ್ತು ನೋಡಿದ.

"ಸ್ಟೇರಿಂಗಾ ಇದು?"

"ಹೂಂ ಅಣ್ಣ" ಎಂದರು ಲೇತಿನವರು.

ಟ್ರಕ್ ನಮ್ಮಿಂದ ದೂರ ಹೋಗುವಾಗ ನೆಟ್ಟಗೆ, ಚೆನ್ನಾಗಿ ಹೋಯಿತು. ಮೊದಲ ತಿರುವೂ ಆಯಿತು. ತಿರುಗಿ ನಮ್ಮ ಕಡೆ ಬರುವಾಗ ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ನುಗ್ಗಿ ಪೈಪಿಗೆ ಹೊಡೆದು ಬುಡಮೇಲಾಯಿತು. ಎತ್ತಿ ನಿಲ್ಲಿಸಿದರು. ಮತ್ತೆ ಹಾಗೇ ಆಯಿತು. ಐದು ಸಲ ಹಾಗೇ ಆಯಿತು.

"ಸ್ಟೇರಿಂಗ್ ಉಲ್ಟಾ ಐತೆ ಕಣಯ್ಯ ನಿಂದು."

"ಉಲ್ಟಾ ಇಲ್ಲ ಅಣ್ಣ. ನೀವು ಗಾಡಿ ಒಳಗೆ ಕೂತಿಲ್ಲ, ಅಷ್ಟೇ. ಗಾಡಿ ಎದುರಿಗೆ ನಿಂತಿದೀರ."

ಟ್ರೇಲರ್ ಮೇಲಿದ್ದವರು ನಕ್ಕರು. ಅಣ್ಣ ನಗಲಿಲ್ಲ. ಆದರೆ ಮನೆಗೆ ಬರುವಾಗ ಸ್ಕೂಟರಿನ ಹಿಂದಿನಿಂದ, ಆರು ತಿಂಗಳಲ್ಲಿ ಮೊದಲ ಸಲ, ತಾನಾಗಿ ಮುಂದಿನ ದಿನದ ಮಾತೆತ್ತಿದ.

"ಮುಂದಿನ್ ಭಾನುವಾರಾನೂ ಐತಂತಾ?"

ಅಣ್ಣನಿಗೆಂದು ಹಳೆಯದೊಂದು ಟ್ರಕ್ ಸಿಕ್ಕಿತು. ಎದುರು ಬರುವಾಗ ತಿರುವು ಅದಲುಬದಲಾಗುವುದು ಹೊಸಬರಿಗೆಲ್ಲ ಆಗುತ್ತದಂತೆ. ಕಾಲೇಜು ಹುಡುಗರಿಗೆ ಎರಡು ವಾರದಲ್ಲಿ ಬಿಟ್ಟುಹೋಗುತ್ತದೆ. ಅಣ್ಣನ ಕೈಗಳಿಗೆ ಇಪ್ಪತ್ತಾರು ವರ್ಷದ ಅಭ್ಯಾಸವಿತ್ತು, ಅವು ಒಪ್ಪಲಿಲ್ಲ. ಅವನು ತನ್ನದೇ ಉಪಾಯ ಮಾಡಿದ. ಟ್ರಕ್ ಈ ಕಡೆ ತಿರುಗಿದ ಕೂಡಲೇ ತಾನೂ ಬೆನ್ನು ಹಾಕಿ ತಿರುಗಿ, ಕತ್ತು ಹೊರಳಿಸಿ, ಹೆಗಲ ಮೇಲಿನಿಂದ ನೋಡುತ್ತ ಓಡಿಸುವುದು. ಹಾಗೆ ನಿಂತರೆ ಟ್ರಕ್ಕಿನ ಬಲವೂ ಅವನ ಬಲವೂ ಒಂದೇ ಆಗುತ್ತಿತ್ತು. ಟ್ರೇಲರ್ ಮೇಲೆ ಅಕ್ಕಪಕ್ಕದವರಿಗೆ ಅವನ ಮೊಣಕೈ ತಗಲಿ ಬೈಗುಳ ಬೀಳುತ್ತಿತ್ತು.

ಬಸ್ಸಿನ ಇನ್ನೂ ಕೆಲವು ಅಭ್ಯಾಸಗಳು ಹಾಗೇ ಉಳಿದಿದ್ದವು. ಉಬ್ಬಿನ ಮೇಲಿಂದ ಎಲ್ಲರ ಟ್ರಕ್ಕೂ ಹಾರಿದರೆ ಅವನದು ನಿಧಾನವಾಗಿ ಹತ್ತಿ ಇಳಿಯುತ್ತಿತ್ತು. ಹಿಂದಿನಿಂದ ಯಾರಾದರೂ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ.

"ಡ್ರೈವರ್ ಅಣ್ಣ, ಇದು ರೇಸು! ಸೈಡ್ ಕೊಡ್ಬಾರ್ದು!" ಎಂದು ಲೇತಿನವರು ಕೂಗುವರು.

"ನುಗ್ಗಿ ಬತ್ತಾವ್ನೆ, ಕೊಡ್ದೆ ಏನ್ಲಾ ಮಾಡ್ಲಿ? ಹಿಂದ್ಗಡೆ ಜನ ಕೂತವ್ರೆ!"

"ಯಾವ ಜನ ಅಣ್ಣ?"

ಎಲ್ಲರೂ ನಗುವರು. ಕೆಲವು ವಾರಗಳಾದ ಮೇಲೆ ಅಣ್ಣನೂ ನಕ್ಕ. ನಾನು ಅದನ್ನು ನೋಡಿದೆ. ಮನೆಗೆ ಬಂದು ಅತ್ತಿಗೆಗೆ ವರದಿ ಒಪ್ಪಿಸಿದೆ.

"ಹಲ್ಲು ಕಾಣೋ ಹಂಗೆ ನಕ್ರಾ?" ಎಂದು ಅತ್ತಿಗೆ ಕೇಳಿದರು.

"ಹಲ್ಲು ಕಾಣೋ ಹಂಗೆ."

ಅವರು ಒಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ.

ಬ್ಯಾಟರಿ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಈ ಟ್ರಕ್ಕುಗಳ ಲಿಥಿಯಂ ಬ್ಯಾಟರಿ ಕೆಟ್ಟರೆ ಹಪ್ಪಳದ ಹಾಗೆ ಉಬ್ಬಿ ಹೊತ್ತಿಕೊಳ್ಳಬಹುದು. ಅದಕ್ಕೇ ಮರಳು ತುಂಬಿದ ಬಕೆಟ್ಟಿನಲ್ಲಿ ಇಡುವುದು ಪದ್ಧತಿ. "ಬಾಂಬ್ ತಂದು ಮಡಗವ್ರೆ ಮನೇಲಿ" ಎಂದು ಅತ್ತಿಗೆ ಆ ಬಕೆಟ್ಟನ್ನು ಮಹಡಿಯ ಮೂಲೆಗೆ ಕಳಿಸಿದರು. ಅದರ ಹತ್ತಿರಕ್ಕೂ ಹೋಗುತ್ತಿರಲಿಲ್ಲ.

ಅಣ್ಣನನ್ನು ಹಿಂದಕ್ಕೆಳೆಯುತ್ತಿದ್ದುದು ಅಭ್ಯಾಸವೊಂದೇ ಅಲ್ಲ, ಮಾತ್ರೆ ಕೂಡ. ಫಿಟ್ಸ್ ತಡೆಯುವ ಆ ಮಾತ್ರೆಯಿಂದ ಅವನ ಕೈಗೆ ಸಣ್ಣ ನಡುಕ ಬಂದಿತ್ತು. ಕಾಫಿ ಲೋಟ ಹಿಡಿದಾಗ ಕಾಣುವಷ್ಟು. ಬಸ್ಸಿನ ಸ್ಟೇರಿಂಗಿನಲ್ಲಾದರೆ ಅದು ಏನೂ ಅಲ್ಲ. ಈ ಪುಟ್ಟ ಚಕ್ರದಲ್ಲಿ ಅಷ್ಟೇ ನಡುಕಕ್ಕೆ ಟ್ರಕ್ಕಿನ ಮುಂದಿನ ಗಾಲಿ ಎಡಕ್ಕೂ ಬಲಕ್ಕೂ ಅದುರುತ್ತಿತ್ತು. ನೇರ ದಾರಿಯಲ್ಲೂ ಅವನ ಟ್ರಕ್ ಹಾವಿನಂತೆ ಹೊರಳುತ್ತ ಹೋಗುತ್ತಿತ್ತು. ಪ್ರತಿ ಭಾನುವಾರ ಅವನು ಕೊನೆಯವನು.

ನನಗೂ ಅಲ್ಲಿ ಒಂದು ಕೆಲಸ ಸಿಕ್ಕಿತ್ತು. ಸುತ್ತು ಎಣಿಸುವ ಯಂತ್ರ ಅವರಲ್ಲಿರಲಿಲ್ಲ. "ನೀವು ಪೇಪರ್‌ನೋರು, ಬರ್ಕೊಳ್ಳೋದು ನಿಮ್ಗೆ ಅಭ್ಯಾಸ" ಎಂದು ಮೇಷ್ಟ್ರು ನನ್ನನ್ನು ಸುತ್ತು ಮುಗಿಯುವ ಗೆರೆಯ ಪಕ್ಕದ ಮೇಜಿಗೆ ಕೂರಿಸಿದರು. ಯಾವ ನಂಬರಿನ ಟ್ರಕ್ ಗೆರೆ ದಾಟಿತೋ ಆ ನಂಬರನ್ನು ದಾಟಿದ ಕ್ರಮದಲ್ಲಿ ಬರೆಯುತ್ತ ಹೋಗಬೇಕು. ಗೆರೆಯಿಂದ ಕಣ್ಣು ತೆಗೆಯಬಾರದು. ಅಣ್ಣನದು ನಾಲ್ಕನೇ ನಂಬರು. ಮೊದಮೊದಲು ಐದು ನಿಮಿಷಕ್ಕೆ ಏಳು ಸುತ್ತು. ರಾಗಿ ಕೊಯ್ಲಿನ ಹೊತ್ತಿಗೆ ಎಂಟು. ಆಮೇಲೆ, ಒಂದೇ ಭಾನುವಾರಕ್ಕೆ, ಹತ್ತು. ಅದರ ಮುಂದಿನ ಭಾನುವಾರ ಹನ್ನೊಂದು.

ಟ್ರಕ್ ಹೊರಳುವುದು ನಿಂತಿತ್ತು. ಬೆನ್ನು ತಿರುಗಿಸಿ ನಿಲ್ಲುವುದನ್ನೂ ಬಿಟ್ಟ. ಉಬ್ಬಿನ ಮೇಲಿಂದ ಹಾರಿಸಿದ. ಮನೆಯಲ್ಲಿ ಬೆಳಿಗ್ಗೆ ಬೇಗ ಏಳುತ್ತಿದ್ದ, ಮಾತು ಜಾಸ್ತಿಯಾಗಿತ್ತು, ಅತ್ತಿಗೆಯನ್ನು ರೇಗಿಸುತ್ತಿದ್ದ. ಇದೆಲ್ಲವನ್ನೂ ನಾನು ಗಮನಿಸಿದೆ. ಗಮನಿಸಿ, ಸುಧಾರಣೆ ಎಂದು ತೀರ್ಮಾನಿಸಿದೆ. ಕಾಫಿ ಲೋಟ ಅಲುಗದಿರುವುದನ್ನೂ ನೋಡಿದ್ದೆ. ಕಾರಣ ಕೇಳಲಿಲ್ಲ. ಬೇರೆಯವರ ಮನೆಯ ಸುದ್ದಿಯಾಗಿದ್ದರೆ ಕೇಳುತ್ತಿದ್ದೆ.

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹತ್ತಿರ ರಾಗಿ ಕೊಯ್ದ ಹೊಲದಲ್ಲಿ ದೊಡ್ಡ ರೇಸು ಇಟ್ಟರು. ಬೇರೆ ಊರುಗಳಿಂದಲೂ ಬಂದಿದ್ದರು. ಮೊದಲ ಹೀಟಿನಲ್ಲಿ ಅಣ್ಣ ಮೂರನೆಯವನಾಗಿ ಬಂದ. ಟ್ರೇಲರಿನಿಂದ ಇಳಿದು ನನ್ನ ಮೇಜಿನ ಹತ್ತಿರ ಬಂದು, "ಎಷ್ಟ್ಲಾ?" ಎಂದ.

"ಹನ್ನೆರಡು."

"ಹನ್ನೆರಡಾ? ಇನ್ನೊಂದ್ ಸಲ ಎಣ್ಸ್ಲಾ, ನಿಮ್ ಪೇಪರ್‌ನೋರು ಬರ್ದಿದ್ನೆಲ್ಲಾ ನಂಬಕ್ಕಾಯ್ತದಾ?"

ಎಣಿಸಿದೆ. ಹನ್ನೆರಡೇ. ಅವನ ಮುಖದಲ್ಲಿ ಆಗ ಇದ್ದದ್ದನ್ನು ನಾನು ಅವನು ಬಸ್ ಓಡಿಸುತ್ತಿದ್ದ ಕಾಲದಲ್ಲೂ ನೋಡಿರಲಿಲ್ಲ.

ಈ ರೇಸಿನಲ್ಲಿ ಒಂದು ಕಟ್ಟಳೆ ಇದೆ. ಒಂದು ಹೀಟ್ ಓಡಿಸಿ ಇಳಿದವರು ಮುಂದಿನ ಹೀಟಿಗೆ ಮಾರ್ಷಲ್ ಆಗಬೇಕು. ಅಂದರೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಒಂದೊಂದು ತಿರುವಿನಲ್ಲಿ ನಿಂತು, ಬುಡಮೇಲಾದ ಟ್ರಕ್ಕುಗಳನ್ನು ಬಗ್ಗಿ ಎತ್ತಿ ನೆಟ್ಟಗೆ ಮಾಡಬೇಕು. ಗೆದ್ದವರಿಗೂ ಬಿಡುವಿಲ್ಲ, ಸೋತವರಿಗೂ ಇಲ್ಲ. ತಪ್ಪಿಸಿಕೊಂಡರೆ ಅವರ ಸುತ್ತುಗಳು ಲೆಕ್ಕಕ್ಕಿಲ್ಲ. ಅಣ್ಣ ಜಾಕೆಟ್ ತೊಟ್ಟು ಹೊಲದ ಆಚೆ ತುದಿಯ ತಿರುವಿಗೆ ಹೋದ. ಬಿಸಿಲು ನೆತ್ತಿಗೆ ಬಂದಿತ್ತು. ಮೇಷ್ಟ್ರು ಸೀಟಿ ಊದಿದರು. ನಾನು ಗೆರೆಯ ಮೇಲೆ ಕಣ್ಣಿಟ್ಟು ಬರೆಯತೊಡಗಿದೆ.

ಎರಡು. ಐದು. ಒಂದು. ಆರು. ಎರಡು. ಐದು.

"ಲೋ, ನಿಲ್ಸ್ರೋ! ಗಾಡಿ ನಿಲ್ಸ್ರೋ!" ಟ್ರೇಲರ್ ಮೇಲಿಂದ ಲೇತಿನವರು ಕೂಗಿದರು.

ತಲೆ ಎತ್ತಿದಾಗ ಆಚೆ ತಿರುವಿನಲ್ಲಿ ಕಿತ್ತಳೆ ಜಾಕೆಟ್ ನೆಲದ ಮೇಲಿತ್ತು. ಒಂದು ಟ್ರಕ್ ಅದಕ್ಕೆ ಹೊಡೆದು ಮಗುಚಿ, ಗಾಲಿಗಳು ಇನ್ನೂ ಗಾಳಿಯಲ್ಲಿ ತಿರುಗುತ್ತಿದ್ದವು.

ಟ್ರೇಲರ್ ಮೇಲಿದ್ದವರೆಲ್ಲ, ಅಣ್ಣ ಟ್ರಕ್ ಎತ್ತಲು ಬಗ್ಗಿದ್ದಾನೆಂದು ತಿಳಿದಿದ್ದರು. ಮಾರ್ಷಲ್ ಬಗ್ಗುವುದು ಅಲ್ಲಿ ಯಾರೂ ತಿರುಗಿ ನೋಡುವ ವಿಷಯವಲ್ಲ. ನಾನು ಬರೆದ ಹಾಳೆ ಈಗಲೂ ನನ್ನ ಹತ್ತಿರ ಇದೆ. ಆಮೇಲೆ ಕೂತು ಲೆಕ್ಕ ಹಾಕಿದ್ದೇನೆ. ಅಣ್ಣ ಬಿದ್ದ ಮೇಲೆ ನಾನು ಕಡಿಮೆಯೆಂದರೂ ನಾಲ್ಕು ನಂಬರು ಬರೆದಿದ್ದೇನೆ. ಅಂಕಿ ಒಂದೂ ಓರೆಯಾಗಿಲ್ಲ.

ಓಡಿದೆ. ನಾನು ತಲುಪುವ ಹೊತ್ತಿಗೆ ಆರೇಳು ಜನ ಸುತ್ತುವರಿದಿದ್ದರು. ಕೈಕಾಲು ಸೆಟೆದು ಬಡಿದುಕೊಳ್ಳುತ್ತಿದ್ದವು.

"ಕಬ್ಣ ಕೊಡ್ರಪ್ಪ, ಕೈಗೆ ಕಬ್ಣ ಕೊಡಿ!"

ಒಬ್ಬರು ಬೈಕಿನ ಕೀಲಿಗೊಂಚಲು ತುರುಕಿದರು. ಅದು ಬಿದ್ದುಹೋಯಿತು. ಇನ್ನೊಬ್ಬರು ಟ್ರಕ್ಕಿನ ಗಾಲಿ ಬಿಚ್ಚುವ ಸ್ಪ್ಯಾನರನ್ನು ಅವನ ಅಂಗೈಯಲ್ಲಿಟ್ಟು ಮೇಲಿಂದ ಬೆರಳು ಮಡಿಸಿ ಹಿಡಿದರು. ಇದರಿಂದ ಏನೂ ಆಗುವುದಿಲ್ಲವೆಂದು ಡಾಕ್ಟರು ನಮಗೆ ಹೇಳಿದ್ದರು. ಎಡಕ್ಕೆ ಹೊರಳಿಸಿ, ತಲೆಗೆ ಮೆತ್ತಗೆ ಏನಾದರೂ ಕೊಡಿ, ಹೊತ್ತು ನೋಡಿಕೊಳ್ಳಿ ಎಂದಿದ್ದರು. ನಾನು ಎಡಕ್ಕೆ ಹೊರಳಿಸಿದೆ. ಮೇಷ್ಟ್ರು ತಮ್ಮ ಟೋಪಿ ತೆಗೆದು ಮಡಿಸಿ ತಲೆಯಡಿ ಇಟ್ಟರು. ಹೊತ್ತು ನೋಡಿದೆ. ಎರಡು ನಿಮಿಷ ಹತ್ತು ಸೆಕೆಂಡು. ಸ್ಪ್ಯಾನರ್ ಹಿಡಿದಿದ್ದವರಿಗೆ ಬಿಡಿ ಎನ್ನಲಿಲ್ಲ. ಅವರೊಬ್ಬರೇ ಆ ಗುಂಪಿನಲ್ಲಿ ಏನೋ ಉಪಯೋಗವಾದೀತು ಎಂದು ನಂಬಿ ಅವನನ್ನು ಮುಟ್ಟಿಕೊಂಡಿದ್ದವರು.

ಕುಣಿಗಲ್ ಆಸ್ಪತ್ರೆಯಲ್ಲಿ ಅಣ್ಣ ಸಂಜೆಯ ಹೊತ್ತಿಗೆ ಪೂರ್ತಿ ಎಚ್ಚರಾದ. ಮೊಣಕೈಗೆ ಪಟ್ಟಿ ಹಾಕಿದ್ದರು. ನಾಲಗೆ ಕಚ್ಚಿಕೊಂಡು ಮಾತು ದಪ್ಪಗಾಗಿತ್ತು. ಅತ್ತಿಗೆ ಬಸ್ಸಿನಲ್ಲಿ ಬಂದವರು ಬಾಗಿಲಲ್ಲೇ ನಿಂತು ಕೇಳಿದರು.

"ಮಾತ್ರೆ ನುಂಗ್ತಿದ್ರಾ ಇಲ್ವಾ? ಅದೊಂದ್ ಹೇಳಿ ನಂಗೆ."

ಅಣ್ಣ ಗೋಡೆಯ ಕಡೆ ನೋಡಿದ.

"ದಿನಾ ನಾನೇ ಕೈಗೆ ಕೊಟ್ಟಿದೀನಿ. ನೀರು ಕೊಟ್ಟಿದೀನಿ. ನನ್ ಎದುರ್ಗೇ ಬಾಯ್ಗ್ ಹಾಕ್ಕೊಂಡ್ರಲ್ಲ!"

"ಹದಿನೆಂಟ್ ದಿನ ಆಯ್ತು ಬಿಟ್ಟು" ಎಂದ ಅಣ್ಣ.

ಮಾತ್ರೆಗಳು ಮಾರನೆಯ ದಿನ ಸಿಕ್ಕವು. ಮಹಡಿಯ ಮೂಲೆಯಲ್ಲಿ, ಬ್ಯಾಟರಿಯ ಮರಳಿನ ಬಕೆಟ್ಟಿನಲ್ಲಿ, ಒಂದು ಗೇಣು ಆಳದಲ್ಲಿ. ನೆನೆದು ಅಂಟಿಕೊಂಡಿದ್ದವು, ಬಿಡಿಸಲಾಗಲಿಲ್ಲ. ಅತ್ತಿಗೆ ಆ ಮನೆಯಲ್ಲಿ ಕೈ ಹಾಕದ ಜಾಗ ಅದೊಂದೇ ಎಂದು ಅವನಿಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಆ ಸಂಜೆ, ಅತ್ತಿಗೆ ಡಾಕ್ಟರ ಹತ್ತಿರ ಹೋಗಿದ್ದಾಗ, ನಾನು ಅಣ್ಣನನ್ನು ಬೈದೆ. ಜೀವನದಲ್ಲಿ ಒಂದೇ ಸಲ ಅವನನ್ನು ಬೈದದ್ದು. ಸಾಯ್ಬೇಕು ಅಂತಿದ್ರೆ ನೇರವಾಗಿ ಹೇಳು ಎಂದೆ.

"ಸಾಯಕ್ಕಲ್ಲ ಕಣ್ಲಾ" ಎಂದ. "ಸಾಯಂಗಿದ್ರೆ ಅವತ್ತೇ ಆಗೋಗದು. ಮಾತ್ರೆ ತಗಂಡ್ರೆ ಕೈ ನಡುಗ್ತದೆ. ನಡ್ಗೋ ಕೈಲಿ ಗಾಡಿ ಹಿಡಿಯಕ್ಕಾಯ್ತದಾ? ಬಿಟ್ ನೋಡ್ದೆ. ಮೂರ್ನೇ ದಿನುಕ್ಕೆ ಕೈ ಕಲ್ಲಾಯ್ತು."

"ಅದು ಬೊಂಬೆ ಗಾಡಿ ಅಣ್ಣ. ಬಿಟ್ಬಿಡು."

"ಬಿಟ್ಟು?"

ನಾನು ಅವನ ಹೊದಿಕೆ ಎಳೆದು ಸರಿಮಾಡಿದೆ, ಅವನು ಅದನ್ನು ತಳ್ಳಿದ.

"ಹೇಳ್ಲಾ. ಬಿಟ್ಟು ಏನ್ ಮಾಡ್ಲಿ? ಆ ಕುರ್ಚಿ ಮೇಲ್ ಕೂತ್ಕಳ್ಳಾ? ನೀವಿಬ್ರೂ ಪಾಳಿ ಮೇಲ್ ನನ್ ಮಕ ನೋಡ್ಕಂಡು ಕೂತ್ಕಳ್ತೀರಾ?"

ಪಾಳಿಯ ವಿಷಯ ಅವನಿಗೆ ಗೊತ್ತಿಲ್ಲವೆಂದು ನಾವು ತಿಳಿದಿದ್ದೆವು.

ಆಮೇಲಿನ ಎರಡು ತಿಂಗಳು ಹಿಂದಿನದಕ್ಕಿಂತ ಕೆಟ್ಟದಾಗಿದ್ದವು. ಮಾತ್ರೆ ಮತ್ತೆ ಶುರುವಾಯಿತು, ನಡುಕವೂ ಬಂತು. ಡಾಕ್ಟರು, ಬೇರೆ ಮಾತ್ರೆಗೆ ಬದಲಾಯಿಸಬಹುದು, ಆದರೆ ಸ್ವಲ್ಪಸ್ವಲ್ಪವಾಗಿ, ತಿಂಗಳುಗಟ್ಟಲೆ ಹಿಡಿಯುತ್ತದೆ, ನಡುಕ ಹೋಗಬಹುದು, ಹೋಗದೆಯೂ ಇರಬಹುದು ಎಂದರು. ರಿಮೋಟ್ ಹಿಡಿಯಲು ಅವರ ಅಡ್ಡಿ ಇರಲಿಲ್ಲ. ಬಿಸಿಲಿನಲ್ಲಿ ದಣಿಯಬಾರದು, ನಿದ್ದೆ ಕೆಡಬಾರದು, ಒಬ್ಬರು ಜೊತೆಯಲ್ಲಿರಬೇಕು.

ಮನೆಯಲ್ಲಿ ನಂಬಿಕೆ ಹೋಗಿತ್ತು. ಅಣ್ಣ ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದ ಮೇಲೆ ಅತ್ತಿಗೆ, "ಆ ಅನ್ನಿ" ಎನ್ನುತ್ತಿದ್ದರು. ಅವನು ಬಾಯಿ ತೆರೆದು ನಾಲಗೆ ಎತ್ತಬೇಕಿತ್ತು. ಬೆಳಗಿನ ನನ್ನ ಪಾಳಿಯಲ್ಲಿ ಆ ಕೆಲಸ ನನ್ನದು. ನನಗಿಂತ ಆರು ವರ್ಷ ದೊಡ್ಡವನು. ಬೀದಿಯ ಕೊನೆಯಲ್ಲಿ ಬಸ್ ನಿಲ್ಲಿಸಿ, ಶಾಲೆಯಿಂದ ಬರುತ್ತಿದ್ದ ನನ್ನ ಮಗಳನ್ನು ಎತ್ತಿ ಬಾನೆಟ್ ಮೇಲೆ ಕೂರಿಸಿಕೊಳ್ಳುತ್ತಿದ್ದವನು. ಅವನ ನಾಲಗೆಯ ಅಡಿ ನಾನು ಬಗ್ಗಿ ನೋಡುತ್ತಿದ್ದೆ. ಮೊದಲ ದಿನ "ನೋಡ್ಕಂಡ್ಯಾ?" ಎಂದ. ಆಮೇಲೆ ಏನೂ ಅನ್ನಲಿಲ್ಲ. ಬಾಯಿ ತೆರೆಯುವನು, ಮುಚ್ಚುವನು, ಕುರ್ಚಿಗೆ ಹೋಗುವನು. ಬಲಗಾಲು ಅಲುಗುವುದನ್ನೂ ಬಿಟ್ಟಿತ್ತು.

ಒಂದು ದಿನ ನಾನು ಕಚೇರಿಯಿಂದ ಬಂದಾಗ ಲೇತಿನವರು ವರಾಂಡದಲ್ಲಿ ಕೂತಿದ್ದರು. ಅಣ್ಣನ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿ ಒತ್ತುತ್ತಿದ್ದರು.

"ಸ್ಟೇರಿಂಗ್ ಮಂದ ಮಾಡ್ತಿದೀನಿ ಸಾರ್. ಇದ್ರಲ್ಲಿ ಆ ಸೆಟ್ಟಿಂಗ್ ಐತೆ. ಕೈ ಸ್ವಲ್ಪ ಅಲ್ಲಾಡಿದ್ರೆ ಗಾಲಿ ತಿರುಗಲ್ಲ. ಜೋರಾಗಿ ತಿರುಗ್ಸಿದ್ರೆ ಮಾತ್ರ ತಿರುಗ್ತದೆ."

"ತಿರುವಲ್ಲಿ ನಿಧಾನ ಆಯ್ತದೆ" ಎಂದ ಅಣ್ಣ, ಯಾರನ್ನೂ ನೋಡದೆ.

"ಆಯ್ತದೆ ಅಣ್ಣ. ಸುಳ್ಳು ಹೇಳಲ್ಲ. ಲಾಸ್ಟೇ ಬರ್ತೀರ."

"ಇದ್ನ ಮೊದ್ಲೇ ಯಾಕ್ ಹೇಳ್ಲಿಲ್ಲ ನೀನು?"

"ನೀವು ಕೈ ನಡುಗ್ತದೆ ಅಂತ ಯಾವತ್ತಣ್ಣ ಹೇಳಿದ್ರಿ? ನಾವೆಲ್ಲಾ ಡ್ರೈವಿಂಗೇ ಬರಲ್ಲ ಅನ್ಕೊಂಡಿದ್ವಿ."

ಅಣ್ಣನಿಗೆ ಸಿಟ್ಟು ಬಂತು. ರಿಮೋಟ್ ಕಿತ್ತುಕೊಂಡ. ಅತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದರು. ಎರಡು ತಿಂಗಳಲ್ಲಿ ಅವನಿಗೆ ಸಿಟ್ಟು ಬಂದದ್ದು ಅದೇ ಮೊದಲು.

ಆ ಭಾನುವಾರ ಗುಬ್ಬಿಗೆ ಹೋದೆವು. ಬಿಸಿಲೇರುವ ಮೊದಲೇ ಮುಗಿಯಲೆಂದು ಮೇಷ್ಟ್ರು ರೇಸನ್ನು ಏಳು ಗಂಟೆಗೇ ಇಟ್ಟಿದ್ದರು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಣ್ಣನ ಟ್ರಕ್ ನೇರ ದಾರಿಯಲ್ಲಿ ಹೊರಳದೆ ಹೋಯಿತು. ತಿರುವುಗಳಲ್ಲಿ ಅಗಲವಾಗಿ, ತುಂಬಿದ ಬಸ್ಸಿನ ಹಾಗೆ, ಹೊರಗಿನ ಪೈಪು ಸವರಿಕೊಂಡು ತಿರುಗಿತು. ಎಂಟು ಸುತ್ತು. ಕೊನೆಯ ಸ್ಥಾನ. ನಾನು ಬರೆದುಕೊಂಡೆ.

"ಮುಂದಿನ್ ಹೀಟು! ಮಾರ್ಷಲ್‌ಗಳು ಬನ್ನಿ!" ಮೇಷ್ಟ್ರು ಕೂಗಿದರು. ಕೂಗಿದ ಮೇಲೆ ಅಣ್ಣನ ಕಡೆ ನೋಡಿ ದನಿ ಇಳಿಸಿದರು. "ನೀವ್ ಬ್ಯಾಡ ಬಿಡಿ. ನೆರಳಲ್ಲಿ ಕೂತ್ಕೊಳ್ಳಿ. ಬೇರೆಯವ್ರು ನಿಂತ್ಕೋತಾರೆ."

"ನಿಲ್ದೆ ಇದ್ರೆ ನನ್ ಸುತ್ತು ಲೆಕ್ಕುಕ್ಕಿಲ್ಲ ಅಲ್ವಾ ಮೇಷ್ಟ್ರೇ?"

"ನಿಮ್ಗೆ ಆ ರೂಲ್ ಇಲ್ಲ."

"ಯಾಕಿಲ್ಲ?"

ಮೇಷ್ಟ್ರು ನನ್ನನ್ನು ನೋಡಿದರು. ತೀರ್ಮಾನ ನನ್ನದು ಎಂಬಂತೆ. ಬೇಡ ಎನ್ನಲು ಬಾಯಿ ತೆರೆದೆ. ಅಣ್ಣ ನನ್ನ ಬಾಯಿಯನ್ನೇ ನೋಡುತ್ತಿದ್ದ, ದಿನಾ ಬೆಳಿಗ್ಗೆ ನಾನು ಅವನ ಬಾಯಿ ನೋಡುವ ಹಾಗೆ. ಬೇಡ ಎಂದಿದ್ದರೆ ಅವನು ಮರುಮಾತಿಲ್ಲದೆ ನೆರಳಿಗೆ ಹೋಗಿ ಕೂರುತ್ತಿದ್ದ. ಅಲ್ಲಿಂದ ಎಲ್ಲಿಗೆ ಹೋಗುತ್ತಿದ್ದನೋ ನನಗೆ ಗೊತ್ತಿಲ್ಲ.

"ಅಣ್ಣ ನಿಂತ್ಕೊಳ್ಳಲಿ ಮೇಷ್ಟ್ರೇ" ಎಂದೆ.

ಹಾಳೆಯನ್ನು ಪಕ್ಕದವರಿಗೆ ಕೊಟ್ಟೆ. ಅಣ್ಣ ಜಾಕೆಟ್ ತೊಟ್ಟು ಆಚೆ ತಿರುವಿಗೆ ಹೋದ. ನಾನು ಅವನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತೆ. ಹತ್ತಿರ ಹೋಗಲಿಲ್ಲ.

ಮೇಷ್ಟ್ರು ಸೀಟಿ ಊದಿದರು. ಮೊದಲ ಸುತ್ತು ಏನೂ ಆಗಲಿಲ್ಲ. ಎರಡನೆಯ ಸುತ್ತಿನಲ್ಲಿ ಎರಡು ಟ್ರಕ್ ತಗುಲಿಕೊಂಡು, ಒಂದು ಉರುಳಿ ಅಣ್ಣನ ಕಾಲ ಬುಡದಲ್ಲಿ ಬೆನ್ನಡಿಯಾಯಿತು.

ಅಣ್ಣ ಬಗ್ಗಿದ.

ಮೋಟರುಗಳ ಸದ್ದು ನಿಂತುಹೋಯಿತು. ಉಳಿದ ಐದು ಟ್ರಕ್ಕುಗಳೂ ಟ್ರ್ಯಾಕಿನ ಮೇಲೆ ಎಲ್ಲೆಲ್ಲಿದ್ದವೋ ಅಲ್ಲಲ್ಲೇ ನಿಂತವು. ಟ್ರೇಲರ್ ಮೇಲೆ ಆರು ಜನರೂ ಬೆರಳು ಸಡಿಲಿಸಿ, ಕತ್ತು ಮುಂದೆ ಮಾಡಿ, ಆ ಕಿತ್ತಳೆ ಜಾಕೆಟ್ಟನ್ನು ನೋಡುತ್ತಿದ್ದರು. ಮೇಷ್ಟ್ರ ಬಾಯಲ್ಲಿ ಸೀಟಿ ಹಾಗೇ ಇತ್ತು. ನಾನು ಎರಡು ಹೆಜ್ಜೆ ಓಡಿದ್ದೆ.

ಅಣ್ಣ ಟ್ರಕ್ಕನ್ನು ನೆಟ್ಟಗೆ ಮಾಡಿ, ಮಣ್ಣು ಒರೆಸಿ, ಸೊಂಟ ಹಿಡಿದುಕೊಂಡು ಎದ್ದ. ಸುತ್ತ ನೋಡಿದ. ನಿಂತ ಟ್ರಕ್ಕುಗಳನ್ನು, ಟ್ರೇಲರನ್ನು, ನನ್ನನ್ನು. ಅವನ ಮುಖ ಕೆಂಪಾಯಿತು.

"ಯಾಕ್ರಲಾ ನಿಲ್ಸುದ್ರಿ?" ಎಂದು ಕೂಗಿದ. "ಟೈಮ್ ಹೋಯ್ತದೆ, ಓಡ್ಸ್ರಲಾ!"

ಯಾರೂ ಅಲುಗಲಿಲ್ಲ. ಅವನು ಇನ್ನೊಂದು ಸಲ ಕೂಗಿದ. ಆಗ ಒಂದು ಮೋಟರು ಸದ್ದು ಮಾಡಿತು, ಹಿಂದೆಯೇ ಇನ್ನೊಂದು.